ಶಾಂತಲಾಳ ಡ್ರೈವಿನಲ್ಲಿ ತೆರೆಯದ ಫ್ಲಾಪಿ

"ರೀ, ನಿಮ್ ಫ್ಲಾಪಿ ಈ ಸಲಾನೂ ಓಪನ್ ಆಗ್ಲಿಲ್ಲ ಕಣ್ರೀ!"

ಚಲುವರಾಜು ಕಪ್ಪು ಫ್ಲಾಪಿಯನ್ನು ಮೇಜಿನ ಮೇಲೆ ಇಟ್ಟ. ಶಾಂತಲಾಳ ಎದೆ ಧಸಕ್ಕೆಂದಿತು. ಕೋಪಕ್ಕೋ, ಅವನು ಬಂದನೆಂಬ ಖುಷಿಗೋ... ಅವಳಿಗೇ ಗೊತ್ತಾಗಲಿಲ್ಲ.

೧೯೯೯ರ ಹುಣಸೂರು. ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಡಿಟಿಪಿ ಅಂಗಡಿಯಲ್ಲಿ ಅವಳು ಮದುವೆ ಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದಳು. ಪಿರಿಯಾಪಟ್ಟಣದಲ್ಲಿ ಪ್ರೆಸ್ ಇಟ್ಟಿದ್ದ ಚಲುವರಾಜು ಅವನ್ನು ಫ್ಲಾಪಿಯಲ್ಲಿ ಒಯ್ಯುತ್ತಿದ್ದ. ಅಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ಮರುದಿನ ಮತ್ತೆ ಬಸ್ಸು ಹತ್ತಿ ಬಂದು, ಕಾಗದದ ಮೇಲೆ ಪ್ರಿಂಟ್ ತೆಗೆಸಿಕೊಂಡು ಹೋಗುತ್ತಿದ್ದ. ಆರು ತಿಂಗಳಿಂದ ಇದೇ ಕಥೆ!

"ನನ್ ಕಂಪ್ಯೂಟರಲ್ಲಿ ಚೆನ್ನಾಗೇ ಓಪನ್ ಆಯ್ತದೆ. ತೊಂದ್ರೆ ನಿಮ್ದೇ," ಅಂದಳು.

"ಅದೆಂಗೆ? ಕೆ.ಆರ್. ನಗರದ ಸೌಂದರ್ಯ ಅವ್ರ ಫ್ಲಾಪಿ ಹಾಕಿದ್ ತಕ್ಷಣ ಓಪನ್ ಆಯ್ತದಲ್ಲ!"

ಸೌಂದರ್ಯ! ಮತ್ತೆ ಸೌಂದರ್ಯ!

ಅವಳದೂ ಡಿಟಿಪಿ ಅಂಗಡಿಯೇ. ಅವಳ ಫ್ಲಾಪಿ ಸಲೀಸಾಗಿ ತೆರೆಯುತ್ತದಂತೆ. ಅವಳು ತಪ್ಪೇ ಮಾಡುವುದಿಲ್ಲವಂತೆ. ಹೋದ ವಾರ ಉಪ್ಪಿಟ್ಟು ಬೇರೆ ಕೊಟ್ಟಳಂತೆ!

"ಇದ್ರಲ್ಲೂ ಒಂದ್ ಕೆಲ್ಸ ಅದೆ. ಟೀ ಕುಡ್ದು ಬಂದು ಹೇಳ್ತೀನಿ," ಎಂದು ಅವನು ಇನ್ನೊಂದು ಫ್ಲಾಪಿ ಇಟ್ಟ. ಯಾಕೋ ಅವನ ಮುಖ ಕೆಂಪಾಗಿತ್ತು.

ಅವನು ಹೊರಟ ಮೇಲೆ ಅವಳು ಲೇಬಲ್ ನೋಡಿದಳು. ದುಂಡನೆಯ ಅಕ್ಷರ: 'ನನ್ನ ಮದುವೆ ಪತ್ರಿಕೆ – ಸೌಂದರ್ಯ.'

ವರ ಯಾರೆಂದು ಬೇರೆ ಕೇಳಬೇಕೇ? ಚಲುವರಾಜುವಿನ ಆ ಕೆಂಪು ಮುಖವೇ ಹೇಳುತ್ತಿತ್ತಲ್ಲ!

ಫ್ಲಾಪಿಯನ್ನು ಡ್ರೈವಿಗೆ ತಳ್ಳಿದಳು. ಕರಕರ ಸದ್ದು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು: ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?

ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಅವಳಿಗೆ ಚೆನ್ನಾಗಿ ಗೊತ್ತಿತ್ತು.

'ಹೋಗಲಿ! ಅವಳದ್ದೂ ಒಂದು ಸಲ ತೆರೆಯದೇ ಹೋಗಲಿ!'

ಯೆಸ್ ಒತ್ತಿಬಿಟ್ಟಳು.

ಚಲುವರಾಜು ಬಂದಾಗ ಅವಳು ಬಿಕ್ಕುತ್ತಿದ್ದಳು. "ಅಳ್ಸಾಕ್ಬುಟ್ಟೆ ಕಣ್ರೀ... ನಿಮ್ ಮದ್ವೆ ಪತ್ರಿಕೇನ... ಬೇಕಂತಾನೇ ಅಳ್ಸಾಕ್ಬುಟ್ಟೆ..."

"ನನ್ ಮದ್ವೇನಾ?" ಅವನು ಕಣ್ಣರಳಿಸಿದ. "ಸೌಂದರ್ಯ ಅವ್ರು ಮದ್ವೆ ಆಗ್ತಿರೋದು ಸಾಲಿಗ್ರಾಮದ ಕಾಂತರಾಜುನ! ಪತ್ರಿಕೆ ಅಂಚಿಗೆ ನಿಮ್ ಕೈಲೇ ಬಳ್ಳಿ ಡಿಸೈನ್ ಹಾಕ್ಸ್ಬೇಕು ಅಂತ ಹಟ ಮಾಡಿ ಕಳ್ಸವ್ರೆ."

ಶಾಂತಲಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಳ್ಬೇಡಿ, ಪ್ರೆಸ್ಸಲ್ಲಿ ಕಾಪಿ ಅದೆ ಬುಡಿ. ಆದ್ರೆ ನಿಮ್ ಡ್ರೈವಲ್ಲಿ ಇದು ಓಪನ್ ಆಗಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು." ಅವನು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದ. "ಈ ಡ್ರೈವೊಳಗೆ ಫ್ಲಾಪಿ ಓದೋ ಹೆಡ್ಡು ಒಂಚೂರು ಪಕ್ಕಕ್ಕೆ ಸರ್ದೋಗದೆ. ಅದು ಬರ್ದಿದ್ದು ಅದ್ಕೊಂದ್ಕೇ ಓದಕ್ಕಾಯ್ತದೆ. ಬೇರೇವ್ರು ಬರ್ದಿದ್ದು ಇದ್ಕೆ ಓದಕ್ಕಾಗಲ್ಲ."

"ಯಾವಾಗ ಗೊತ್ತಾಯ್ತು?"

"ಎರಡ್ನೇ ಸಲಾನೇ."

"ಮತ್ತೆ ಆರ್ ತಿಂಗ್ಳಿಂದ ಯಾಕ್ರೀ ಸುಮ್ನಿದ್ರಿ?"

ಅವನು ತಲೆ ತಗ್ಗಿಸಿದ. "ರಿಪೇರಿ ಮಾಡಿದ್ರೆ ಮಾರ್ನೇ ದಿನ ಬರಕ್ಕೆ ನೆಪ ಎಲ್ಲಿರ್ತಿತ್ತು? ಇವತ್ತು ಸೌಂದರ್ಯ ಅವ್ರ ಕೆಲ್ಸಕ್ಕೆ ಸರಿ ಮಾಡ್ಲೇಬೇಕು. ಅದ್ಕೇ... ಬಾಯ್ಬಿಟ್ ಹೇಳ್ಬುಡಾನ ಅಂತ ಬಂದೆ. ನೀವಂದ್ರೆ ನಂಗೆ ಪ್ರಾಣ ಕಣ್ರೀ."

ಶಾಂತಲಾ ಕಣ್ಣೊರೆಸಿಕೊಂಡಳು. ಪ್ರತಿ ಸಲವೂ ಫ್ಲಾಪಿಯ ಜೊತೆಗೇ ಪ್ರಿಂಟನ್ನೂ ಕೊಟ್ಟು ಕಳಿಸಬಹುದೆಂದು ಅವಳಿಗೂ ಗೊತ್ತಿತ್ತಲ್ಲ! ಆರು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಸರಿ ಮಾಡಿ," ಅಂದಳು ಮೆಲ್ಲಗೆ.

"ಮಾಡ್ಬುಟ್ರೆ... ನಾಳೆ ಏನಂತ ಬರ್ಲಿ?"

"ನಾಳೆ ಅಂಗಡಿಗೆ ಬರ್ಬೇಡಿ. ನಿಮ್ಮವ್ವನ್ನ ಕರ್ಕೊಂಡು ನಮ್ಮನೆಗೆ ಬನ್ನಿ." ಜೊತೆಗೆ ಸೇರಿಸಿದಳು, "ಉಪ್ಪಿಟ್ಟು ಮಾಡಿರ್ತೀನಿ!"