ಬಿಚ್ಚಬೇಡ ಎಂದ ಕೊಳವೆ

ತನ್ನ ನಂತರ ಗಂಡನ ಹಿತ್ತಾಳೆಯ ಸೂಕ್ಷ್ಮದರ್ಶಕ ಹೆಣ್ಣುಮಕ್ಕಳ ಶಾಲೆಗೆ ಸೇರಬೇಕು ಎಂದು ಸೋದರತ್ತೆ ಹೇಳಿದಾಗ ಹಿತ್ತಾಳೆ ಕೆಲಸದವನಿಗೆ ಮೈಯೆಲ್ಲ ಉರಿಯಿತು. ಮಾವ ತೀರಿಕೊಂಡ ಮೇಲೆ ವರ್ಷವರ್ಷವೂ ಅದನ್ನು ಅಂಗಡಿಗೆ ಒಯ್ದು, ಒರೆಸಿ, ತಿರುಪುಗಳಿಗೆ ಎಣ್ಣೆ ಬಿಟ್ಟು, ಕೂಸಿನಂತೆ ನೋಡಿಕೊಂಡವನು ಅವನು. ಅದೂ ಬಿಟ್ಟಿ. ಸಾಲದ್ದಕ್ಕೆ ಪ್ರತಿ ಸಲವೂ ಅತ್ತೆಯದು ಒಂದೇ ಕಟ್ಟಪ್ಪಣೆ: "ಕಣ್ಣಿಡೋ ಕೊಳವೆ ಮಾತ್ರ ಬಿಚ್ಚಬೇಡ ಕಣೋ. ಹೊರಗೆ ಒರೆಸು, ಸಾಕು."

ನಿನ್ನೆ ಮೊನ್ನೆ ಕೆಲಸ ಕಲಿತವನಿಗೆ ಹೇಳುವ ಹಾಗೆ! ಇಷ್ಟೊಂದು ಅನುಮಾನವಿದ್ದರೆ ಅದಕ್ಕೆ ತಕ್ಕ ಕೆಲಸವನ್ನೇ ಮಾಡಿ ತೋರಿಸೋಣ ಎಂದುಕೊಂಡ.

ಕದಿಯುವ ಮಾತೇ ಇರಲಿಲ್ಲ. ಅತ್ತೆ ಕೈಯಾರೆ ಕೊಡುತ್ತಾಳೆ, ಅವನು ಕೈಯಾರೆ ಹಿಂದಿರುಗಿಸುತ್ತಾನೆ. ನಡುವೆ ವಸ್ತು ಬದಲಾಗಿರುತ್ತದೆ, ಅಷ್ಟೇ. ಈ ವರ್ಷ ಅದು ಅಂಗಡಿಗೆ ಬಂದದ್ದೇ ತಡ, ಎದುರಿಗಿಟ್ಟುಕೊಂಡು ಅದರ ಜೋಡಿಯನ್ನು ಎರಕ ಹೊಯ್ದ. ಮುರಿದ ದುರ್ಬೀನುಗಳಿಂದ ಮಸೂರ ಹೊಂದಿಸಿದ. ಕಾಲಿನ ಮೇಲಿನ ಗೀರು, ಬೆಳಕು ಹಾಯಿಸುವ ಕನ್ನಡಿಯ ಅಂಚಿನ ಕಲೆ, ಜೊತೆಗಿದ್ದ ಪುಟ್ಟ ಇಕ್ಕಳದ ಸೊಟ್ಟ ಮೂತಿ, ಯಾವುದನ್ನೂ ಬಿಡಲಿಲ್ಲ. ಹೊಸ ಹಿತ್ತಾಳೆಗೆ ಹೊಗೆ ಹಿಡಿಸಿ ಮಂಕು ಮಾಡಿದ. ಹುಟ್ಟಿದಾಗಿನಿಂದ ಹಿತ್ತಾಳೆ ಬೆಳಗಿದವನು ಅದನ್ನು ಮಂಕು ಮಾಡಲು ಇಷ್ಟು ಬೆವರು ಸುರಿಸಬೇಕಾಯಿತಲ್ಲ ಎಂದು ಅವನಿಗೇ ನಗು ಬಂತು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ತಬ್ಬಿಬ್ಬಾಗಿ, ಅಸಲಿಗೆ ಗುರುತಿಗೆಂದು ದಾರ ಕಟ್ಟಬೇಕಾಯಿತು.

ನಕಲಿಯಲ್ಲಿ ಈರುಳ್ಳಿ ಪೊರೆ ಇಟ್ಟು ನೋಡಿದ. ಒಂದು ಚುಕ್ಕೆಯಿಲ್ಲ, ಕಲೆಯಿಲ್ಲ; ನಿಚ್ಚಳವಾಗಿತ್ತು. ಅಸಲಿಯನ್ನು ಕೊಳ್ಳಲಿದ್ದ ಹಳೆ ವಸ್ತುಗಳ ವ್ಯಾಪಾರಿ ಮಹಾ ಮಡಿವಂತ, ಗಾಜಿನ ಮೇಲೆ ಧೂಳು ಕಂಡರೆ ಮೂಗು ಮುರಿಯುವವನು. ಅದಕ್ಕೇ ಅಸಲಿಯಲ್ಲಿ ಅತ್ತೆ ಬಿಚ್ಚಬೇಡ ಎಂದಿದ್ದ ಕೊಳವೆಯನ್ನೇ ಇವನು ಬೇಕೆಂದು ಮೊದಲು ಬಿಚ್ಚಿದ. ಒಳಗಿನ ಕಸವನ್ನು ಉಫ್ ಎಂದು ಊದಿ, ಮಸೂರ ಒರೆಸಿ, ಮತ್ತೆ ತಿರುಪಿದ. ಅತ್ತೆಯ ಅಪ್ಪಣೆ ಮುರಿದ ಆ ಗಳಿಗೆಯ ಖುಷಿಯೇ ಬೇರೆ.

ಮರುದಿನ ಬೆಳಗ್ಗೆ ನಕಲಿಯನ್ನು ಅತ್ತೆಯ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟ. ಅವಳು ಗೀರನ್ನು ಸವರಿದಳು, ಇಕ್ಕಳ ಎತ್ತಿ ನೋಡಿದಳು, ತಲೆದೂಗಿದಳು. ಅವನು ನಿರಾಳವಾಗಿ ಕಾಫಿ ಹೀರಿದ. ಅತ್ತೆ ಬಗ್ಗಿ ಕೊಳವೆಗೆ ಕಣ್ಣಿಟ್ಟಳು.

"ಇದೇನೋ, ಮೀಸೆ ಕಾಣ್ತಿಲ್ಲ?"

ಅವನ ಕೈ ತಾನಾಗಿಯೇ ಮೂಗಿನ ಕೆಳಗೆ ಹೋಯಿತು. "ಇಲ್ಲೇ ಇದೆಯಲ್ಲ ಅತ್ತೆ."

"ನಿಂದಲ್ವೋ, ನಿಮ್ಮ ಮಾವಂದು. ಕೊಳವೆ ಜೋಡಿಸುವಾಗ ಅವರ ಮೀಸೆಯ ಒಂದು ಕೂದಲು ಒಳಗೆ ಬಿದ್ದುಹೋಯ್ತು. ತೆಗೀತೀನಿ ಅಂದ್ರು, ನಾನೇ ಬೇಡ ಅಂದೆ. ಏನಿಟ್ಟು ನೋಡಿದ್ರೂ ಅದು ಅಡ್ಡ ಬರ್ತಿತ್ತು, ಥೇಟ್ ಅವರ ಹಾಗೇ. ದಿನಾ ಅದನ್ನ ನೋಡಿಯೇ ನಾನು ಕಾಫಿ ಕುಡಿಯೋದು." ಅವಳ ಕಣ್ಣು ತುಂಬಿತ್ತು; ದನಿ ಮಾತ್ರ ಅಲುಗಲಿಲ್ಲ. "ಇದು ನಮ್ಮದಲ್ಲ. ನಮ್ಮದನ್ನ ತಂದುಕೊಡು." ಆ ಯಂತ್ರವನ್ನು ಎಲ್ಲ ಕಡೆಯಿಂದಲೂ ಬಲ್ಲವನು ಅದರೊಳಗೆ ಒಮ್ಮೆಯೂ ಇಣುಕಿರಲಿಲ್ಲ. ಈಗ ಅಸಲಿಯನ್ನೇ ತಂದಿಟ್ಟರೂ ತಪ್ಪಿಸಿಕೊಳ್ಳುವಂತಿಲ್ಲ. ಮಾವನನ್ನು ಅವನು ನಿನ್ನೆಯೇ ಉಫ್ ಎಂದು ಊದಿಬಿಟ್ಟಿದ್ದ. ಅವನ ಕೈ ಮತ್ತೆ ತನ್ನ ಕಪ್ಪು ಮೀಸೆಗೇ ಹೋಗಿ, ಒಂದು ಕೂದಲನ್ನು ಹಿಡಿಯಿತು. ಅತ್ತೆ ಅದನ್ನೂ ನೋಡಿದಳು. "ಅವರದು ಕೆಂಚು ಮೀಸೆ ಕಣೋ," ಎಂದಳು.