ನಾಲ್ಕು ಬೆರಳಿನ ಆಳ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ದೂರುದಾರ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವನು. ಡ್ರಿಲ್, ಕಟರ್, ಪಂಪು ಎಲ್ಲ ಇದ್ದಲ್ಲೇ ಇದ್ದವು. ನೆಲದೊಳಗಿನ ಲೋಹ ಪತ್ತೆ ಹಚ್ಚುವ ಮೆಟಲ್ ಡಿಟೆಕ್ಟರ್ ಒಂದೇ ಮಾಯವಾಗಿತ್ತು. ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಅಂಗಡಿಗೆ ಹೋಗಿ ಪಂಚನಾಮೆ ಬರೆಸಿದರು. ಬೀಗ ಒಡೆದಿರಲಿಲ್ಲ, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಕಳ್ಳ ಹೋಗುವಾಗ ಮತ್ತೆ ಬೀಗ ಹಾಕಿಯೇ ಹೋಗಿದ್ದ.

“ಎಂಥ ಮರ್ಯಾದಸ್ಥ ಸಾರ್,” ಎಂದ ಮುಖ್ಯಪೇದೆ. “ನಮ್ಮನೇಲಿ ನನ್ ಮಗನೇ ಬಾಗಿಲು ಹಾಕಲ್ಲ.”

ಇನ್ಸ್‌ಪೆಕ್ಟರ್ ನಕ್ಕರು. ಆ ಪ್ರಕರಣದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಮಂಗಳವಾರ ಶಾಲೆಯ ವ್ಯಾಯಾಮದ ಮೇಷ್ಟ್ರು ಬಂದರು. ಉದ್ದಜಿಗಿತದ ಮರಳಿನಲ್ಲಿ ಯಾರೋ ಗುಂಡಿ ತೋಡಿ ಮುಚ್ಚಿದ್ದರು. ಕೆದಕಿ ನೋಡಿದರೆ ತಳದಲ್ಲಿ ಒಂದು ನಾಣ್ಯ. ಬುಧವಾರ ಉದ್ಯಾನದ ಮಾಲಿಯದೂ ಅದೇ ರಗಳೆ. ಒದ್ದೆ ಜೇಡಿಮಣ್ಣಿನ ಪಾತಿ, ಅದರಲ್ಲೊಂದು ಗುಂಡಿ, ಅದರಲ್ಲೊಂದು ನಾಣ್ಯ. ಗುರುವಾರ ಬಸ್ ಡಿಪೋ ಹಿಂದೆ ಸುರಿದಿದ್ದ ಕೆಂಪು ಮಣ್ಣಿನ ರಾಶಿಯಲ್ಲಿ ಮೂರನೆಯದು ಸಿಕ್ಕಿತು. ಮುಖ್ಯಪೇದೆ ತಲೆ ಕೆರೆದುಕೊಂಡ.

“ಕಳ್ಳ ಅಂದ್ಮೇಲೆ ತಗೊಂಡು ಹೋಗ್ಬೇಕು ಸಾರ್. ಇವನು ಇಟ್ಟು ಹೋಗ್ತಾನಲ್ಲ!”

ಇನ್ಸ್‌ಪೆಕ್ಟರ್ ಮೂರೂ ಗುಂಡಿಗಳ ಆಳ ಅಳೆಸಿ, ನೇರ ಅಂಗಡಿಯವನ ಮುಂದೆ ಕೂತರು.

“ಪರೀಕ್ಷೆ ಮಾಡಿದಾನೆ ಸಾರ್,” ಎಂದ ಅವನು. “ನಾಣ್ಯ ಹೂತು, ಯಂತ್ರ ಎಲ್ಲಿವರೆಗೆ ಕೂಗುತ್ತೆ ಅಂತ. ಒಣ ಮರಳಲ್ಲಿ ಒಂದು ಗೇಣಿನ ಮೇಲೆ ಹೋಗುತ್ತೆ. ಒದ್ದೆ ಜೇಡಿಯಲ್ಲಿ ಅರ್ಧ ಗೇಣು. ಈ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ. ಮಣ್ಣೇ ಕೂಗಿಬಿಡುತ್ತೆ, ನಾಣ್ಯದ ಸದ್ದು ಕೇಳ್ಸಲ್ಲ. ನಾಲ್ಕು ಬೆರಳು, ಅಷ್ಟೇ.”

“ಇದನ್ನೆಲ್ಲ ಯಾರಾದ್ರೂ ಕೇಳ್ಕೊಂಡು ಬಂದಿದ್ರಾ?”

“ಬೀಗ ರಿಪೇರಿಯವನು. ಗುಡ್ಡ ಕುಸಿದಲ್ಲಿಗೆ ಬೇಕು ಅಂದ. ನಿಷೇಧಿತ ಜಾಗ, ಕೊಡಲ್ಲ ಅಂದೆ.”

“ಸೋಮವಾರವೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಇನ್ಸ್‌ಪೆಕ್ಟರ್ ಎದ್ದು ಜೀಪು ತರಿಸಿದರು. ಡಿಪೋ ಹಿಂದಿನ ಕೆಂಪು ಮಣ್ಣು ಕುಸಿದ ಗುಡ್ಡದ್ದೇ; ರಸ್ತೆ ತೆರವು ಮಾಡಿದಾಗ ಲಾರಿಗಳು ತಂದು ಸುರಿದದ್ದು. ಆ ಗುಡ್ಡದಡಿ ಐವರು ಸಿಲುಕಿದ್ದರು. ನಾಲ್ವರ ದೇಹ ಸಿಕ್ಕಿತ್ತು. ಸಿಗದೆ ಉಳಿದವಳು ಬಸ್ ಕಂಡಕ್ಟರ್, ಬೀಗದವನ ಹೆಂಡತಿ. ಪಾಳಿ ಮುಗಿಸಿ, ಚಿಲ್ಲರೆ ಚೀಲ ಹೆಗಲಿಗೆ ಹಾಕಿಕೊಂಡು ಡಿಪೋಗೆ ನಡೆದು ಹೋಗುತ್ತಿದ್ದಳು. ಗುಡ್ಡ ಮತ್ತೆ ಜಾರಬಹುದೆಂದು ಎಂಜಿನಿಯರುಗಳು ಹೇಳಿದ ಮೇಲೆ ಶೋಧ ನಿಂತಿತು. ಆ ದಿನ ಬೀಗದವನು ಯಾರ ಹತ್ತಿರವೂ ಜಗಳವಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು ಎಂದು ಇನ್ಸ್‌ಪೆಕ್ಟರಿಗೆ ಆಗಲೂ ಅನ್ನಿಸಿತ್ತು.

ಸಂಜೆ ನಾಲ್ಕಕ್ಕೆ ಅವರು ಗುಡ್ಡ ತಲುಪಿದಾಗ ಬೀಗದವನು ಅಲ್ಲೇ ಇದ್ದ. ಒಂದು ಕೋಣೆಯಷ್ಟು ಜಾಗವನ್ನು ಸಾರಿಸಿದ ನೆಲದ ಹಾಗೆ ಸಮ ಮಾಡಿದ್ದ. ಯಂತ್ರ ಆಡಿಸುತ್ತಿದ್ದ, ನಾಲ್ಕು ಬೆರಳು ಮಣ್ಣು ಕೆರೆದು ಪಕ್ಕಕ್ಕೆ ಹಾಕುತ್ತಿದ್ದ, ಮತ್ತೆ ಆಡಿಸುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ.

“ಏನಯ್ಯಾ ಹುಡುಕ್ತಿದ್ದೀಯ?” ಇನ್ಸ್‌ಪೆಕ್ಟರ್ ಕೇಳಿದರು.

“ಚಿಲ್ಲರೆ ಸಾರ್. ಅವಳ ಹತ್ರ ಕೂಗೋದು ಅದೊಂದೇ. ಚೀಲ ಹರಿದು ಚೆಲ್ಲಿರಬಹುದು ಅಂತ ಒಂದೊಂದೇ ನಾಣ್ಯ ಇಟ್ಟು ನೋಡ್ದೆ.”

“ಆ ನಾಣ್ಯಗಳನ್ನ ಯಾಕೆ ವಾಪಸ್ ತಗೊಳ್ಲಿಲ್ಲ?”

“ಯಂತ್ರ ಕೂಗೋದು ನಿಂತ್ಮೇಲೆ ಅಗೆಯೋಕೆ ಕೈ ಬರ್ಲಿಲ್ಲ.”

“ಇಲ್ಲಿ ಮೂವತ್ತಡಿ ಮಣ್ಣಿದೆ ಕಣಯ್ಯಾ.”

“ಗೊತ್ತು ಸಾರ್. ನಮ್ಮತ್ತೆ ದಿನಾ ಕೇಳ್ತಾರೆ, ಸಿಕ್ಕಿದ್ಲಾ ಅಂತ. ಇಲ್ಲ ಇಲ್ಲ ಅಂದು ನಂಗೆ ಸಾಕಾಗೋಯ್ತು.”

ಮೇಲಿನಿಂದ ಎರಡು ಕಲ್ಲು ಉರುಳಿ ಬಂದವು. ಮುಖ್ಯಪೇದೆ ಹಿಂದೆ ಸರಿದ. ಬೀಗದವನು ತಲೆಯನ್ನೂ ಎತ್ತಲಿಲ್ಲ. ಇನ್ಸ್‌ಪೆಕ್ಟರ್ ದೂರ ನಿಂತು ಮೇಲಧಿಕಾರಿಗೆ ಫೋನ್ ಮಾಡಿದರು. ಇನ್ನೊಂದು ಸಲ ಹುಡುಕಿಸಬಹುದೇ ಎಂದು ಕೇಳಿದರು.

“ಗುಡ್ಡ ಜಾರಿ ಇನ್ನೂ ನಾಲ್ಕು ಜನ ಹೋದ್ರೆ ನೀವು ಬಂದು ಉತ್ತರ ಹೇಳ್ತೀರಾ?”

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಅದೇ ಅವರಿಗೆ ಸಂಕಟವಾದದ್ದು. ಸಿಟ್ಟು ಮಾಡಿಕೊಳ್ಳೋಣವೆಂದರೂ ಯಾರೂ ಸಿಗಲಿಲ್ಲ. ಐದೂ ಇಪ್ಪತ್ತಕ್ಕೆ ಯಂತ್ರವನ್ನು ಜಪ್ತಿ ಮಾಡಿ, ಬೀಗದವನನ್ನು ಬಂಧಿಸಿದರು. ಜೀಪು ಹತ್ತುವ ಮೊದಲು ಅವನು ಚಪ್ಪಲಿಯ ಮಣ್ಣನ್ನು ಅಲ್ಲೇ ಕೊಡವಿದ.

ಠಾಣೆಯಲ್ಲಿ ಮುಖ್ಯಪೇದೆ ಬಂಧನದ ಪತ್ರ ಬರೆಯತೊಡಗಿದ. ಬಂಧಿತನ ಕಡೆಯ ಒಬ್ಬರಿಗೆ ವಿಷಯ ತಿಳಿಸಲೇಬೇಕು, ಅದು ಕಾನೂನು.

“ನಿಮ್ಮತ್ತೆಗೆ ಹೇಳೋಣ್ವಾ?” ಇನ್ಸ್‌ಪೆಕ್ಟರ್ ಕೇಳಿದರು.

“ಬೇಡ ಸಾರ್. ಪೊಲೀಸ್ನೋರು ಬಂದ್ರು ಅಂದ್ರೆ ಮಗಳು ಸಿಕ್ಕಿದ್ಲು ಅಂತ್ಲೇ ಬಾಗಿಲು ತೆಗೀತಾರೆ.”

“ಮತ್ತೆ ಯಾರಿಗೆ?”

“ನನ್ ಹೆಂಡ್ತಿಗೆ ತಿಳ್ಸಿ.”

ಮುಖ್ಯಪೇದೆ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಸರ್ಕಾರದ ಲೆಕ್ಕದಲ್ಲಿ ಅವಳು ಕಾಣೆಯಾದವಳೇ ಹೊರತು ಸತ್ತವಳಲ್ಲ. ಬೇಡ ಅನ್ನಲು ಇನ್ಸ್‌ಪೆಕ್ಟರ್ ಬಳಿ ಕಾರಣವಿರಲಿಲ್ಲ.

“ಬರ್ಕೋ,” ಎಂದರು.

ಮುಖ್ಯಪೇದೆ ಹೆಸರು ಬರೆದ. ಅಭ್ಯಾಸಬಲದಿಂದ ಮುಂದಿನದನ್ನೂ ಕೇಳಿಬಿಟ್ಟ.

“ವಿಳಾಸ?”

“ಅದನ್ನೇ ಸಾರ್ ಹುಡುಕ್ತಿದ್ದದ್ದು,” ಎಂದ ಬೀಗದವನು.

ಇನ್ಸ್‌ಪೆಕ್ಟರ್ ಆ ಸಾಲನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದರು.