ಇಳಿಸಿದ ಜ್ಯಾಕ್

ಮಾರ್ಚ್ ಒಂಬತ್ತು, ಸೋಮವಾರ. ಡೆಟ್ರಾಯಿಟ್ ನಗರದ ಪೂರ್ವ ಭಾಗದ ಠಾಣೆಯಲ್ಲಿ ಬೆಳಗಿನ ಪಾಳಿಯವರು ಇನ್ನೂ ಕೋಟು ಬಿಚ್ಚಿರಲಿಲ್ಲ. ಏಳು ಗಂಟೆಗೆ ಫೋನು ಬಂತು. ವಯಸ್ಸಾದ ಗಂಡಸಿನ ದನಿ. ಗಾಬರಿಯೇನೂ ಇರಲಿಲ್ಲ.

"ನನ್ನ ಕಾರಿನ ಕೆಳಗೆ ಒಬ್ಬ ಸತ್ತು ಬಿದ್ದಿದ್ದಾನೆ. ಚಕ್ರ ಕದಿಯೋಕೆ ಬಂದವನು. ಬಂದು ತಗೊಂಡು ಹೋಗಿ."

ದೂರು ದಾಖಲಾಯಿತು. ಸಾರ್ಜೆಂಟ್ ಲೆನೋರಾ ಮೇಬ್ರಿ ಮತ್ತು ಕಾನ್‌ಸ್ಟೆಬಲ್ ವಿಟೆಕ್ ಸ್ಥಳಕ್ಕೆ ಹೊರಟರು.

ಮನೆ ಎವೆರೆಟ್ ಸಮ್ಲಿನ್ ಎಂಬವನದು. ಕಾರಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ವಯಸ್ಸು ಅರವತ್ತೆಂಟು. ಮನೆಯ ಪಕ್ಕದ ಓಣಿಯಲ್ಲಿ ಅವನ ದೊಡ್ಡ ಕಪ್ಪು ಕಾರು ಎಡಗಡೆ ಮೂತಿ ಊರಿ ನಿಂತಿತ್ತು. ಮುಂದಿನ ಎಡ ಚಕ್ರ ಕಳಚಿ ಬೇಲಿಗೆ ಒರಗಿಸಿತ್ತು. ಕಾರಿನಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು. ಹಿಮ್ಮಡಿಗಳು ಹಿಮವನ್ನು ಕೆರೆದು ಕೆರೆದು ಕೆಳಗಿನ ಸಿಮೆಂಟು ಕಾಣುವಂತೆ ಮಾಡಿದ್ದವು.

ಬೀದಿಯಲ್ಲಿ ನಾಲ್ಕಾರು ಜನ ಸೇರಿದ್ದರು. ಯಾರ ಮುಖದಲ್ಲೂ ಮರುಕವಿರಲಿಲ್ಲ.

"ಹೋದ ತಿಂಗಳು ಚಕ್ರ ಬಿಚ್ಚಿಕೊಂಡು ನನ್ನ ಕಾರನ್ನ ಇಟ್ಟಿಗೆ ಮೇಲೆ ಕೂರಿಸಿ ಹೋಗಿದ್ರು," ಎಂದನೊಬ್ಬ. "ಆಗ ಫೋನ್ ಮಾಡಿದ್ರೆ ಒಬ್ಬರೂ ಬರಲಿಲ್ಲ. ಈಗ ನೋಡು, ಎರಡು ಗಾಡಿ."

"ಚಕ್ರಗಳ್ಳ ಒಬ್ಬ ಕಡಿಮೆಯಾದ," ಎಂದ ವಿಟೆಕ್, ಮೇಬ್ರಿಗೆ ಮಾತ್ರ ಕೇಳುವಂತೆ. "ಮುದುಕನಿಗೆ ಹೂವು ಕಳಿಸಬೇಕೇನೋ."

"ಮೊದಲು ಕೆಳಗೆ ನೋಡು."

ವಿಟೆಕ್ ಮಂಡಿಯೂರಿ ಬಗ್ಗಿದ. ಸತ್ತವನಿಗೆ ಇಪ್ಪತ್ತೆರಡರ ಆಸುಪಾಸು. ಚಕ್ರ ಬಿಚ್ಚಿದ ಮೇಲೆ ಕಾರಿಗೆ ಆಸರೆಯಾಗಿ ಹಾಲಿನ ಕ್ರೇಟೊಂದನ್ನು ಕೆಳಗೆ ತಳ್ಳಲು ಸೊಂಟದವರೆಗೂ ಒಳಗೆ ನುಗ್ಗಿದ್ದಾನೆ. ಕಾರು ಎದೆಯ ಮೇಲೆ ಕೂತಿದೆ. ವಿಟೆಕ್ ಎದ್ದಾಗ ಅವನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಸಾರ್ಜೆಂಟ್, ಕಾರು ಎತ್ತಿದ ಜ್ಯಾಕ್ ಜಾರಿಲ್ಲ."

"ಅಂದ್ರೆ?"

"ಜಾರಿದ್ರೆ ಪಕ್ಕಕ್ಕೆ ವಾಲಿ ಬೀಳಬೇಕಿತ್ತು. ಇದು ಇಟ್ಟ ಜಾಗದಲ್ಲೇ ನೆಟ್ಟಗಿದೆ. ಈ ಉದ್ದನೆ ಹಿಡಿಕೆ ಇದೆಯಲ್ಲ, ಇದನ್ನ ಎಡಕ್ಕೆ ತಿರುಗಿಸಿದ್ರೆ ಕಾರು ಮೆಲ್ಲಗೆ ಇಳಿಯುತ್ತೆ. ಇದನ್ನ ಇಳಿಸಿದ್ದಾರೆ."

"ಅವನೇ ತಿರುಗಿಸಿಕೊಂಡಿರಬಹುದಾ?"

"ಅಲ್ಲಿ ಮಲಗಿದವನ ಕೈ ಇಲ್ಲಿಗೆ ಎಟುಕಲ್ಲ. ಹೊರಗೆ ನಿಂತವರೇ ತಿರುಗಿಸಬೇಕು."

ಮಹಜರು ಮುಗಿಯಿತು. ಜ್ಯಾಕಿನ ಹಿಡಿಕೆಯನ್ನು ಬೆರಳಚ್ಚು ತಜ್ಞರಿಗೆ ಒಪ್ಪಿಸಲಾಯಿತು. ಸತ್ತವನ ಜೇಬಿನ ಪರ್ಸಿನಲ್ಲಿ ಹೆಸರು ಸಿಕ್ಕಿತು: ಮಾರ್ಕೆಲ್ ಗೇನ್ಸ್. ಫೋನು ಮಾತ್ರ ಸಿಗಲಿಲ್ಲ.

ಎಂಟೂವರೆಗೆ ಮೇಬ್ರಿ ಅಡುಗೆಮನೆಯಲ್ಲಿ ಸಮ್ಲಿನ್‌ನ ಎದುರು ಕೂತಳು. ಅವನು ಮೊಟ್ಟೆ ಕರಿದುಕೊಂಡು ತಿನ್ನುತ್ತಿದ್ದ. ಕ್ಷೌರ ಮಾಡಿಕೊಂಡಿದ್ದ.

"ಕಾಫಿ ಕೊಡಲಾಮ್ಮಾ?"

"ಬೇಡ ಸರ್. ಯಾವಾಗ ನೋಡಿದ್ರಿ ಅವನನ್ನ?"

"ಎದ್ದ ಮೇಲೆ. ಪೇಪರ್ ತರೋಕೆ ಹೋದಾಗ."

"ರಾತ್ರಿ ಏನೂ ಕೇಳಿಸಲಿಲ್ವಾ?"

"ಒಳ್ಳೆ ನಿದ್ದೆ ನಂದು."

ಅಷ್ಟರಲ್ಲಿ ಒಲೆಯ ಪಕ್ಕದ ಬ್ರೆಡ್ಡಿನ ಡಬ್ಬಿಯೊಳಗೆ ಏನೋ ಗುರ್ರೆಂದಿತು. ಸಮ್ಲಿನ್ ತಿನ್ನುವುದನ್ನು ನಿಲ್ಲಿಸಲಿಲ್ಲ. ಮತ್ತೆ ಗುರ್ರೆಂದಿತು. ಮೇಬ್ರಿ ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದಳು. ಫೋನು. ಪರದೆಯ ಮೇಲೆ ರಕ್ತದ ಹೆಬ್ಬೆರಳ ಗುರುತು, ಅದರಡಿ ಮಿನುಗುತ್ತಿದ್ದ ಹೆಸರು: ಅಮ್ಮ.

ಅವಳು ಫೋನು ಕಿವಿಗಿಟ್ಟಳು.

"ಏನೋ, ಎಲ್ಲಿ ಹಾಳಾಗಿ ಹೋಗಿದ್ದೀಯ?" ಎಂದಿತು ಹೆಂಗಸಿನ ದನಿ. "ಎಷ್ಟು ಸಲ ಮಾಡೋದು? ತಿಂಡಿ ಆರಿಹೋಯ್ತು."

ಮೇಬ್ರಿ ತಾನು ಯಾರೆಂದು ಹೇಳಿದಳು. ಮುಂದಿನದನ್ನೂ ಹೇಳಿದಳು. ಅತ್ತಲಿಂದ ಬಂದ ಕೂಗು ಆ ಸಣ್ಣ ಅಡುಗೆಮನೆಯಲ್ಲೆಲ್ಲ ಕೇಳಿಸಿತು. ಸಮ್ಲಿನ್ ತಟ್ಟೆಯ ಅಂಚಿನ ಹಳದಿಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ಬಾಯಿಗಿಟ್ಟುಕೊಂಡ.

ಅವನನ್ನು ಠಾಣೆಗೆ ಕರೆದೊಯ್ದರು. ಹೊರಡುವ ಮುನ್ನ ವಿಟೆಕ್ ಪಕ್ಕದ ಮನೆಯ ಮುದುಕಿಯನ್ನು ವಿಚಾರಿಸಿದ.

"ರಾತ್ರಿ ಓಣಿಯಿಂದ ಕೂಗು ಕೇಳಿಸ್ತಾ?"

"ಕೇಳಿಸ್ತು. ಬೆಳಕು ಹರಿಯೋಕೆ ಮುಂಚೆ ಶುರುವಾಯ್ತು, ತುಂಬಾ ಹೊತ್ತು ಇತ್ತು."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಕಿಟಕಿಯಲ್ಲಿ ನೋಡಿದೆ. ಎವೆರೆಟ್ ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದ. ಅವನು ನೋಡ್ಕೋತಾನೆ ಅಂದ್ಕೊಂಡು ಟಿವಿ ಜೋರು ಮಾಡಿದೆ."

ಮಧ್ಯಾಹ್ನ ಶವಪರೀಕ್ಷೆಯ ವೈದ್ಯ ಫೋನಿನಲ್ಲಿ ಹೇಳಿದ: ಪಕ್ಕೆಲುಬುಗಳು ಒಂದೇ ಸಲ ಮುರಿದಿಲ್ಲ, ಭಾರ ಹಂತಹಂತವಾಗಿ ಬಿದ್ದಿದೆ. ಕೊನೆಗೂ ಅವನು ಸತ್ತದ್ದು ಉಸಿರು ಕಟ್ಟಿ, ನಿಧಾನವಾಗಿ. ಹಿಡಿಕೆಯ ಮೇಲಿದ್ದ ಕೊನೆಯ ಬೆರಳಚ್ಚು ಸಮ್ಲಿನ್‌ನದೇ ಎಂಬ ವರದಿಯೂ ಬಂತು.

ಎರಡು ಗಂಟೆಗೆ ಸಮ್ಲಿನ್‌ನ ಮಗಳು ಡೆಲೋರಿಸ್ ಠಾಣೆಗೆ ಬಂದಳು. ಬಸ್ ಡ್ರೈವರಿನ ಸಮವಸ್ತ್ರದಲ್ಲೇ ಇದ್ದಳು. ಅಪ್ಪನನ್ನು ನೋಡಬೇಕೆಂದು ಕೇಳಲಿಲ್ಲ.

"ನಮ್ಮಮ್ಮನ ವಿಷಯ ಹೇಳಿದ್ರಾ ಅವರು?"

"ಇಲ್ಲ."

"ಮೂರು ವರ್ಷದ ಹಿಂದೆ ಅಮ್ಮ ಹೋದ್ಲು. ವರ್ನಾ ಅಂತ. ಹೆದ್ದಾರಿಯಲ್ಲಿ ಹೋಗ್ತಿರುವಾಗ ಕಾರಿನ ಚಕ್ರ ಕಳಚಿಕೊಳ್ತು. ಕಳ್ಳ ಬಂದು ನಟ್ ಸಡಿಲ ಮಾಡಿ, ನಾಯಿ ಬೊಗಳಿದ್ದಕ್ಕೆ ಓಡಿಹೋಗಿದ್ದ, ಅದು ಗೊತ್ತಾಗದೆ ಇವಳು ಕಾರು ತೆಗೆದ್ಲು ಅಂತ ಅಪ್ಪ ಕಂಡಕಂಡವರಿಗೆಲ್ಲ ಹೇಳ್ತಾರೆ."

"ಸುಳ್ಳಾ?"

"ಅವತ್ತು ಯಾರೂ ಬಂದಿರಲಿಲ್ಲ." ಡೆಲೋರಿಸ್ ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತಿದ್ದಳು. "ಅದಕ್ಕೆ ಮುಂಚೆ ಮೂರು ಸಲ ಮನೆ ಮುಂದೆ ಚಕ್ರ ಕಳವಾಗಿತ್ತು. ಅಪ್ಪ ಎಲ್ಲಿಂದಲೋ ಲಾಕ್ ನಟ್ ತಂದ್ರು. ಅದರದ್ದೇ ಕೀ ಇಲ್ಲದೆ ಬಿಚ್ಚೋಕಾಗಲ್ಲ ಅಂತಾರಲ್ಲ, ಅದು. ಅಮ್ಮನ ಕಾರಿಗೆ ಹೊಂದೋ ಜಾತಿ ಅಲ್ಲ, ಸರಿಯಾಗಿ ಕೂರ್ತಾ ಇರಲಿಲ್ಲ. ನಾನೇ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ಅಪ್ಪಾ, ಅಲ್ಲಾಡ್ತಿದೆ ಅಂದೆ. ಬಾಯಿ ಮುಚ್ಚು, ನಲವತ್ತು ವರ್ಷ ಆಕ್ಸಲ್ ಮಾಡಿದೋನು ನಾನು ಅಂದ್ರು."

"ಅವರಿಗೆ ಗೊತ್ತಾ ಇದು?"

"ಹೆದ್ದಾರಿ ಪೊಲೀಸರು ಮನೆಗೆ ಬಂದು, ಆ ನಟ್‌ನಿಂದಲೇ ಚಕ್ರ ಕಳಚಿದ್ದು ಅಂತ ಹೇಳಿದ್ರು. ಅಪ್ಪ ಅವರನ್ನ ಆಚೆಗೆ ಕಳಿಸಿ ಬಾಗಿಲು ಹಾಕಿದ್ರು. ನಾನೂ ಸುಮ್ಮನಾದೆ. ಒಬ್ಬ ಕಳ್ಳ ಇದ್ದ ಅಂತ ಇಟ್ಕೊಂಡ್ರೆ ಬದುಕ್ತಾರೆ, ಇರಲಿ ಬಿಡು ಅಂದ್ಕೊಂಡೆ."

ಮೂರು ಗಂಟೆಗೆ ವಿಚಾರಣೆ. ವಕೀಲರು ಬೇಕೇ ಎಂದು ಕೇಳಿದ್ದಕ್ಕೆ ಸಮ್ಲಿನ್ ತಲೆಯಾಡಿಸಿ ಬೇಡವೆಂದ. ವಿಟೆಕ್ ಗೋಡೆಗೆ ಒರಗಿ ನಿಂತಿದ್ದ.

"ಜ್ಯಾಕ್ ಇಳಿಸಿದ್ದು ನೀವು," ಎಂದಳು ಮೇಬ್ರಿ.

"ಹೌದು."

"ಯಾಕೆ?"

"ನನ್ನ ಚಕ್ರ ಬಿಚ್ಚುತ್ತಿದ್ದ."

"ಎದೆ ಸಿಕ್ಕಿಕೊಂಡ ಮೇಲೆ ಅವನೆಲ್ಲಿ ಓಡ್ತಿದ್ದ? ನಮಗೆ ಫೋನ್ ಮಾಡಬಹುದಿತ್ತಲ್ಲ."

"ಚಕ್ರ ಕಳವಾದಾಗ ಮೂರು ಸಲ ಮಾಡಿದ್ದೆನಮ್ಮಾ. ಒಂದು ದೂರಿನ ನಂಬರ್ ಕೊಟ್ಟು ಫೋನ್ ಇಟ್ರಿ."

"ಅವನ ಫೋನ್ ನಿಮ್ಮ ಹತ್ರ ಹೇಗೆ ಬಂತು?"

"ಹೊರಗಿದ್ದ ಕೈಯಲ್ಲಿ ಹಿಡ್ಕೊಂಡಿದ್ದ. ಹೆಬ್ಬೆರಳಲ್ಲಿ ಏನೋ ಒತ್ತೋಕೆ ನೋಡ್ತಿದ್ದ. ತಗೊಂಡೆ."

"ಏನಂದ?"

"ಮೊದಲು ಬೈದ. ಆಮೇಲೆ ಸರ್ ಅಂದ. ಆಮೇಲೆ ತಾತಾ ಅಂದ."

ವಿಟೆಕ್ ಗೋಡೆಯಿಂದ ಬೆನ್ನು ಕಿತ್ತು ಬಾಗಿಲ ಕಡೆ ತಿರುಗಿದ. ಹೊರಗೆ ಹೋಗಲಿಲ್ಲ.

"ನಾನೊಂದೇ ಒಂದು ಮಾತು ಕೇಳಿದೆ," ಎಂದು ಸಮ್ಲಿನ್ ತಾನಾಗಿಯೇ ಮುಂದುವರಿಸಿದ. "ವರ್ನಾ ಕಾರಿನ ನಟ್ ಸಡಿಲ ಮಾಡಿದ್ದು ನಾನೇ ಅಂತ ಒಪ್ಪಿಕೋ, ಈಗಲೇ ಎತ್ತುತ್ತೀನಿ ಅಂದೆ."

"ಒಪ್ಪಿಕೊಂಡನಾ?"

"ಯಾವ ವರ್ನಾ ಅಂದ. ಇನ್ನೊಂಚೂರು ಇಳಿಸಿದೆ. ಆಗ ಒಪ್ಪಿಕೊಂಡ. ಹೌದು ತಾತಾ, ನಾನೇ, ತಪ್ಪಾಯ್ತು, ಎತ್ತಿ ಅಂದ."

"ಆಮೇಲೆ?"

ಸಮ್ಲಿನ್ ಅವಳನ್ನು ನಿಜವಾದ ಅಚ್ಚರಿಯಿಂದ ನೋಡಿದ. "ಒಪ್ಪಿಕೊಂಡ ಮೇಲೆ ಹೇಗಮ್ಮಾ ಎತ್ತಲಿ?"

ಮೇಬ್ರಿ ಮುಂದಿದ್ದ ಟಿಪ್ಪಣಿಯ ಹಾಳೆ ತಿರುವಿದಳು.

"ವರ್ನಾ ತೀರಿಕೊಂಡ ವರ್ಷ ಮಾರ್ಕೆಲ್ ಈ ಊರಲ್ಲೇ ಇರಲಿಲ್ಲ," ಎಂದಳು ಮೇಬ್ರಿ. "ಅಲಬಾಮಾದಲ್ಲಿ ಅಜ್ಜಿ ಮನೇಲಿದ್ದ. ಅವನ ತಾಯಿ ಹೇಳಿದ್ದು, ನಾನು ಅಲ್ಲಿಯವರನ್ನೂ ವಿಚಾರಿಸಿದೀನಿ. ಆ ನಟ್ ಹಾಕಿದ್ದು ಯಾರು ಸರ್?"

"ಅವನೇ ಒಪ್ಪಿಕೊಂಡಿದ್ದಾನೆ."

"ನಟ್ ಹಾಕಿದ್ದು ಯಾರು?"

"ಅವನೇ ಒಪ್ಪಿಕೊಂಡಿದ್ದಾನಲ್ಲ," ಎಂದ ಸಮ್ಲಿನ್, ಕಿವಿ ಕೇಳಿಸದವರಿಗೆ ಹೇಳುವಂತೆ ನಿಧಾನವಾಗಿ. ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರ ಬಂತು.

ನಾಲ್ಕೂವರೆಗೆ ಕೊಲೆ ಆರೋಪದ ಮೇಲೆ ಬಂಧನ ದಾಖಲಾಯಿತು. ವಿಟೆಕ್ ಕೋಳ ತೊಡಿಸಿದ. ಓಣಿಯಂಥ ಕಾರಿಡಾರಿನ ಬೆಂಚಿನ ಮೇಲೆ ಡೆಲೋರಿಸ್ ಇನ್ನೂ ಕೂತಿದ್ದಳು. ಅಪ್ಪನನ್ನು ಕಂಡು ಎದ್ದು ನಿಂತಳು. ಸಮ್ಲಿನ್ ಅವಳ ಮುಂದೆ ನಿಂತ. ಅಮ್ಮ ಸತ್ತ ಮೇಲೆ ಅಪ್ಪನ ಮುಖ ಇಷ್ಟು ಹಗುರಾಗಿದ್ದುದನ್ನು ಅವಳು ಕಂಡಿರಲಿಲ್ಲ.

"ಕಳ್ಳ ಸಿಕ್ಕ, ಮಗಳೇ," ಎಂದ.